ಗಲಗಲಿಯ ಮಂಟಪಕ್ಕೆ ಬೆಳಕು ಹಾಕಿದವರು

ಬ್ಯಾಟರಿ ಮುಗಿಯಬಹುದು. ಕಾರು ರಾಡಿಯಲ್ಲಿ ಹೂತುಕೊಳ್ಳಬಹುದು. ಹಾವು ಇರಬಹುದು, ಹಾವಿಲ್ಲದಿದ್ದರೆ ನಾಯಿಗಳಂತೂ ಇದ್ದೇ ಇರುತ್ತವೆ. ಊರವರು ನಮ್ಮನ್ನು ಮರಳು ಕದಿಯುವವರೆಂದೋ ನಿಧಿ ಅಗೆಯುವವರೆಂದೋ ತಿಳಿದು ಹಿಡಿದು ಕೂರಿಸಬಹುದು. ಮೋಡ ಕವಿಯಬಹುದು. ಇದ್ಯಾವುದೂ ಆಗದೆ ಎಲ್ಲ ಸುಸೂತ್ರವಾದರೆ ಪಾರಿಸನ ಫೋಟೋ ನನ್ನದಕ್ಕಿಂತ ಚೆನ್ನಾಗಿ ಬರಬಹುದು. ನಾಲ್ಕಾರು ವರ್ಷದ ಹಿಂದೆ ಗಲಗಲಿಗೆ ಹೊರಟ ಸಂಜೆ ನಾನು ಹೆದರಿದ್ದು ಇವಕ್ಕೆ. ದೆವ್ವ-ಗಿವ್ವದ ಯೋಚನೆ ಸುಳಿದಿರಲೇ ಇಲ್ಲ. ಚಿಂತೆಗೆ ಕಣ್ಣಿಗೆ ಕಾಣುವ ಸಂಗತಿಗಳೇ ಬೇಕಾದಷ್ಟಿರುವಾಗ ಕಾಣದ್ದರ ಗೊಡವೆ ಯಾಕೆ ಎಂದುಕೊಂಡಿದ್ದವನು ನಾನು. ಅಂಥ ಕಥೆ ಹೇಳುವವರನ್ನು ಕಂಡರೆ ನಗುತ್ತಿದ್ದೆ.

ಪಾರಿಸ ತೇರದಾಳದವನು, ಬನಹಟ್ಟಿಯಲ್ಲಿ ನೂಲಿನ ವ್ಯಾಪಾರಿ, ನನ್ನ ಶಾಲೆಯ ಗೆಳೆಯ. ಕ್ಯಾಮೆರಾ ಮೊದಲು ಕೊಂಡವನು ನಾನು. ರಾತ್ರಿ ಫೋಟೋ ತೆಗೆಯುವುದನ್ನು ಮೊಬೈಲಿನಲ್ಲಿ ನೋಡಿ ನೋಡಿ ಕಲಿತು ಅವನಿಗೆ ಹೇಳಿಕೊಟ್ಟವನೂ ನಾನೇ. ಒಂದು ಮಳೆಗಾಲ ಕಳೆಯುವುದರೊಳಗೆ ಅವನು ನನ್ನನ್ನು ದಾಟಿ ಹೋಗಿದ್ದ. ಮುಧೋಳದ ಹತ್ತಿರ ಅವನು ತೆಗೆದ ಬೆಳದಿಂಗಳ ಕಬ್ಬಿನ ಹೊಲ ಜಮಖಂಡಿಯಲ್ಲಿ ನಮ್ಮ ಡಾಕ್ಟರ ಗೋಡೆಯ ಮೇಲಿದೆ. ಅದರ ಕೆಳಗೆ ಕೂತೇ ನಾನು ಬಿಪಿ ನೋಡಿಸಿಕೊಳ್ಳಬೇಕು. ಮನೆಯಲ್ಲಿ ನೋಡಿದರೆ ಅಷ್ಟಿರುವುದಿಲ್ಲ.

ಜಮಖಂಡಿಯಲ್ಲಿ ನಾವು ಹವ್ಯಾಸಿಗಳೇ ಸೇರಿ ಆಗಾಗ ಪ್ರದರ್ಶನ ಇಡುತ್ತೇವೆ. ಬಾಗಿಲ ಎದುರಿನ ಗೋಡೆಗೆ ಒಂದೇ ಒಂದು ದೊಡ್ಡ ಚಿತ್ರ. ಪ್ರತಿಸಲ ಅಲ್ಲಿ ಪಾರಿಸನದೇ ಇರುತ್ತಿತ್ತು. ಈ ಸಲವಾದರೂ ಅದು ನನ್ನದಾಗಬೇಕು ಅಂತ ಹಟ ತೊಟ್ಟಿದ್ದೆ. ಅದನ್ನು ಅವನಿಗೆ ಮಾತ್ರ ಹೇಳಿರಲಿಲ್ಲ.

ಬೇಸಿಗೆಯಲ್ಲಿ ಕೃಷ್ಣೆಯ ಹಿನ್ನೀರು ಇಳಿದಾಗ ಗಲಗಲಿಯ ದಂಡೆಯಲ್ಲಿ ಕಲ್ಲಿನ ಹಳೆಯ ಮಂಟಪವೊಂದು ಮೇಲೆ ಬರುತ್ತದೆ. ನಾವು ಹೋದದ್ದು ಅಮಾವಾಸ್ಯೆಯ ದಿನ, ಆಕಾಶ ತುಂಬುವ ಚಿಕ್ಕೆಗಳಿಗಾಗಿ. ಪಾರಿಸ ಜೈನರ ಪದ್ಧತಿಯಂತೆ ಹೊತ್ತು ಮುಳುಗುವ ಮುಂಚೆಯೇ ಉಂಡಿದ್ದ. ನಾನು ಕಟ್ಟಿಕೊಂಡು ಹೋದ ರೊಟ್ಟಿ ಕಾರಿನಲ್ಲೇ ಉಳಿಯಿತು.

ಅರ್ಧ ನಿಮಿಷ ಕ್ಯಾಮೆರಾದ ಕಣ್ಣು ತೆರೆದಿಟ್ಟರೆ ಚಿಕ್ಕೆಗಳೇನೋ ಮೂಡುತ್ತವೆ, ಆದರೆ ಮಂಟಪ ಬರೀ ಕಪ್ಪು. ಅದಕ್ಕೆ ಒಬ್ಬರು ಹೋಗಿ, ಮರೆಯಲ್ಲಿ ನಿಂತು, ಟಾರ್ಚಿನ ಬೆಳಕನ್ನು ಸುಣ್ಣ ಬಳಿದ ಹಾಗೆ ಕಲ್ಲಿನ ಮೇಲೆ ಆಡಿಸಬೇಕು. ಫೋಟೋ ತೆಗೆಯುವ ಮೊದಲ ಸರದಿ ನನ್ನದು. ಪಾರಿಸ ಟಾರ್ಚು ಹಿಡಿದು ಕತ್ತಲಲ್ಲಿ ಇಳಿದುಹೋದ. ಸ್ವಲ್ಪ ಹೊತ್ತು ಬಿಟ್ಟು “ಹಾಂ” ಎಂದು ಕೂಗಿ ಗುಂಡಿ ಒತ್ತಿದೆ.

ಮಂಟಪದ ಒಳಗಿನಿಂದ ಬೆಳಕು ಎದ್ದಿತು. ಅವಸರವಿಲ್ಲದೆ ಕಂಬ ಕಂಬವನ್ನೂ ಹತ್ತಿ, ಸೂರಿನ ಅಂಚಿಗೆ ಬಂದು ನಿಂತು, ಕ್ಯಾಮೆರಾ ಮುಚ್ಚಿಕೊಳ್ಳುವುದಕ್ಕೆ ಸರಿಯಾಗಿ ಆರಿತು. ಟಾರ್ಚು ಆಡಿಸುವುದರಲ್ಲೂ ಇವನು ನನಗಿಂತ ಮೇಲೇ ಎಂದು ಹೊಟ್ಟೆ ಉರಿಯಿತು.

ಆಗ ನನ್ನ ಬೆನ್ನ ಹಿಂದಿನಿಂದ, ಕಾರಿನ ಕಡೆಯಿಂದ, ಪಾರಿಸ ಬಂದ.

“ಅರ್ಧ ದಾರ್ಯಾಗ ಸೆಲ್ ಖಾಲಿ ಆಗ್ಯಾವಲೇ. ಬ್ಯಾರೆ ತರಾಕ ಹೋಗಿದ್ನಿ. ಒದರಿದ್ನೆಲ್ಲ, ಕೇಳಿಸಲಿಲ್ಲೇನ? ನೀ ಇನ್ನೂ ಒತ್ತಿಲ್ಲ ಹೌದಿಲ್ಲೋ?”

ದಂಡೆಯ ಮೇಲಿನ ಹೊಲದ ಪಂಪ್‌ಸೆಟ್ಟಿನ ಸದ್ದಿಗೆ ನನಗೆ ಏನೂ ಕೇಳಿಸಿರಲಿಲ್ಲ. ಕ್ಯಾಮೆರಾದ ಪರದೆ ತೋರಿಸಿದೆ. ಅವನು ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದ.

“ಯಾರನ್ನ ಕರ್ಕೊಂಡ ಬಂದಿ?”

“ಯಾರನ್ನ ಕರ್ಕೊಂಡ ಬರ್ಲಿ? ನನ್ನ ಹೇಣ್ತಿನೂ ನನ್ನ ಫೋಟೋಕ್ಕ ಬರೂದಿಲ್ಲ.”

ಇಬ್ಬರೂ ಮೊಬೈಲು ಹಿಡಿದು ಮಂಟಪಕ್ಕೆ ಹೋದೆವು. ಸುತ್ತ ನೀರು ಬಿಟ್ಟುಹೋದ ಹಸಿ ರಾಡಿ, ಪಾದ ಮುಳುಗುತ್ತಿತ್ತು. ಒಳಗೆ ಯಾರೂ ಇಲ್ಲ. ಹೊರಬಂದು ನೋಡಿದರೆ ರಾಡಿಯಲ್ಲಿ ನಮ್ಮ ಹೆಜ್ಜೆಗಳು ಬಿಟ್ಟು ಬೇರೆಯವಿಲ್ಲ. ಆಚೆ ದಂಡೆಯ ಗಾಡಿಯ ಬೆಳಕಿರಬಹುದು ಎಂದೆ. ಗಾಡಿಯ ಬೆಳಕು ಮಂಟಪದ ಒಳಗಿನಿಂದ ಏಳುವುದಿಲ್ಲವೆಂದು ನನಗೂ ಗೊತ್ತಿತ್ತು.

ನಾನಾದರೆ ಆಗಲೇ ಮನೆ ಕಡೆ ಹೊರಡುತ್ತಿದ್ದೆ. ಪಾರಿಸ ಹೊಸ ಸೆಲ್ ಹಾಕಿ ಅದೇ ಬೆಳಕು ತರಲು ಮತ್ತೆ ಮತ್ತೆ ನೋಡಿದ. ಬಂದದ್ದೆಲ್ಲ ಟಾರ್ಚಿನ ಬೆಳಕೇ, ಕಲ್ಲಿನ ಮೇಲೆ ಬಿಳಿ ಮಚ್ಚೆ. ವಾಪಸು ಬರುವಾಗ ಬೀಳಗಿ ರಸ್ತೆ ಸಿಕ್ಕ ಮೇಲೆ ಕೇಳಿದ: “ಖರೆ ಹೇಳ. ನನ್ನ ಮ್ಯಾಲಿನ ಹೊಟ್ಟಿಕಿಚ್ಚಿಗಿ ಯಾರನ್ನರ ಮೊದಲ ಕುಂದ್ರಿಸಿ ಬಂದಿದ್ದೇನ?”

ಅವನು ನನ್ನ ಮೇಲೆ ಹೊಟ್ಟೆಕಿಚ್ಚು ಪಡಬೇಕೆಂದು ವರ್ಷಗಟ್ಟಲೆ ಬಯಸಿದ್ದೆ. ಅವನ ದನಿಯಲ್ಲಿ ಅದು ಕೇಳಿಸಿದ ಆ ಗಳಿಗೆ ಬಂದಾಗ ಅನುಭವಿಸಲಾಗಲಿಲ್ಲ. ಆಟ ಆಡುತ್ತಿರುವವನು ಅವನೇ ಎಂದು ನನ್ನ ಅನುಮಾನ. ಈಗಲೂ ಒಮ್ಮೊಮ್ಮೆ ಹಾಗೆ ಅನಿಸುತ್ತದೆ, ಆದರೆ ಅಂದು ಮಂಟಪಕ್ಕೆ ಹೋಗುವವರೆಗೆ ಅವನ ಕಾಲಿಗೆ ರಾಡಿ ಇರಲಿಲ್ಲ.

ಪ್ರದರ್ಶನದಲ್ಲಿ ಬಾಗಿಲ ಎದುರಿನ ಗೋಡೆಗೆ ಬಂದದ್ದು ನನ್ನ ಚಿತ್ರವೇ. ಶಿಕ್ಷಕಿಯೊಬ್ಬರು ಅದರ ಮುಂದೆ ನಿಂತು, “ಫೋಟೋ ಇರ್ಲಿ ಬಿಡ್ರಿ ಸರ್, ಬೆಳಕ ಏನ ಛಲೋ ಹಾಕ್ಯಾರ. ಯಾರ್ರೀ ಅವರು?” ಎಂದರು. ನಾನು ಪಾರಿಸನತ್ತ ಕೈ ತೋರಿಸಿದೆ. ಪಾರಿಸ ನನ್ನತ್ತ ತೋರಿಸಿದ. ಅವತ್ತಿನಿಂದ ನನ್ನ ಹೊಟ್ಟೆಕಿಚ್ಚು ಪಾರಿಸನನ್ನು ಬಿಟ್ಟಿದೆ. ಈಗ ಅದು ಯಾರ ಮೇಲೆ ಅಂತ ಕೇಳಿದರೆ ಹೆಸರು ಹೇಳಲಾರೆ.

ಎಲ್ಲರೂ ಹೋದ ಮೇಲೆ ಪಾರಿಸ ಚಿತ್ರದ ಹತ್ತಿರ ಹೋಗಿ ತಲೆ ಓರೆ ಮಾಡಿ ನೋಡಿದ. “ಹಿಂದಿನ ನೀರಿನ ಗೆರಿ ಎಡಕ್ಕ ವಾಲೇತಿ ನೋಡು,” ಎಂದ.

ಹೌದು, ವಾಲಿದೆ. ಕ್ಯಾಮೆರಾ ಒಂದು ನೂಲಿನೆಳೆಯಷ್ಟು ವಾಲಿತ್ತು. ಆ ರಾತ್ರಿ ಕೆಟ್ಟದ್ದು ಅದೊಂದೇ. ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡುವುದು ಕ್ಷಣದ ಕೆಲಸ, ಮಾಡಿಲ್ಲ. ಆ ಚಿತ್ರದಲ್ಲಿ ಇದು ನಾನು ಮಾಡಿದ್ದು ಎಂದು ಆಣೆಯಿಟ್ಟು ಹೇಳಬಹುದಾದದ್ದು ಅಷ್ಟೇ.