ಪೂಜೆಯಾದ ಡಬ್ಬಿಯ ಎಂಟನೆಯ ತೂತು

ಈ ಲೆಕ್ಕವನ್ನು ನೀವು ನಿಮ್ಮ ಮನೆಯಲ್ಲೇ ಮಾಡಿ ನೋಡಬಹುದು. ಹೈದರಾಬಾದಿನ ಮಿಯಾಪುರದ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ, ಟೀವಿಯ ಹಿಂದೆ, ಒಂದು ಎಕ್ಸ್‌ಟೆನ್ಷನ್ ಬೋರ್ಡಿದೆ. ನಾಲ್ಕು ಪ್ಲಗ್ ಹಿಡಿಯುವಂಥದ್ದು. ಅದು ಸಾಲದೆ ಅದಕ್ಕೇ ಅಂಥದೇ ಇನ್ನೊಂದನ್ನು ಚುಚ್ಚಿದ್ದೇವೆ. ಎರಡೂ ಬೇಗಂ ಬಜಾರಿನಲ್ಲಿ ಚೌಕಾಸಿ ಮಾಡಿ ತಂದವು. ಈಗ ಒಟ್ಟು ಎಷ್ಟು ಪ್ಲಗ್ ಹಾಕಬಹುದು? ಎಂಟು ಎನ್ನುವವರು ಕೈ ಎತ್ತಿ. ಎತ್ತಿದಿರಾ? ನಿಮ್ಮ ಮೇಲೆ ನನಗೆ ಸಿಟ್ಟಿದೆ. ಬರುವುದು ಏಳೇ. ಮೊದಲನೆಯ ಬೋರ್ಡಿನ ಒಂದು ತೂತನ್ನು ಎರಡನೆಯ ಬೋರ್ಡಿನ ಪ್ಲಗ್ಗೇ ಹಿಡಿದುಕೊಂಡು ಕೂತಿದೆಯಲ್ಲ!

ಇಷ್ಟಕ್ಕೆಲ್ಲ ಸಿಟ್ಟೇ ಎನ್ನಬೇಡಿ. ಈ ಏಳನ್ನು ಏಳು ಎಂದು ಹೇಳಿದ್ದಕ್ಕೆ ನನ್ನ ಕೆಲಸ ಹೋಗುವುದರಲ್ಲಿತ್ತು.

ನಾನು ಜೀಡಿಮೆಟ್ಲಾದ ಒಂದು ಸಣ್ಣ ಕಾರ್ಖಾನೆಯಲ್ಲಿ ಸರ್ಕ್ಯೂಟ್ ಬೋರ್ಡು ರಚಿಸುವವನು. ಸುತ್ತಮುತ್ತ ಔಷಧ ಕಾರ್ಖಾನೆಗಳು. ಅವುಗಳ ತೂಕದ ಕೋಣೆಯಲ್ಲಿ ಒಂದು ಕಂಪ್ಯೂಟರ್, ಅದರ ಸುತ್ತ ತಕ್ಕಡಿ, ಲೇಬಲ್ ಮುದ್ರಿಸುವ ಯಂತ್ರ, ಬಾರ್‌ಕೋಡ್ ಓದುವ ಯಂತ್ರ. ಎಲ್ಲಕ್ಕೂ ಯುಎಸ್‌ಬಿ ಬೇಕು. ಕಂಪ್ಯೂಟರಿನ ಒಂದು ಬಾಯಿಯಿಂದ ತಂದು ನಾಲ್ಕು ಬಾಯಿಗೆ ಹಂಚುವ ಚಿಪ್ಪಿಗೆ ಹಬ್ ಎನ್ನುತ್ತಾರೆ. ನಾಲ್ಕು ಸಾಲದಿದ್ದರೆ ಆ ನಾಲ್ಕರಲ್ಲಿ ಒಂದನ್ನು ಎರಡನೆಯ ಹಬ್ಬಿಗೆ ಕೊಟ್ಟು ಅದರಿಂದ ಇನ್ನು ನಾಲ್ಕು ತೆಗೆಯಬೇಕು. ಮೊದಲನೆಯದರಲ್ಲಿ ಉಳಿದದ್ದು ಮೂರು, ಎರಡನೆಯದರಲ್ಲಿ ನಾಲ್ಕು. ನಮ್ಮ ಟೀವಿಯ ಹಿಂದಿನ ಸಂಸಾರವೇ, ಕಡಲೆಬೇಳೆಯಷ್ಟು ಸಣ್ಣದಾಗಿ.

ಹೇಳಲು ಸುಲಭ. ಬೋರ್ಡಿನ ಮೇಲೆ ಇಳಿಸುವಾಗ ಗೊತ್ತಾಗುತ್ತದೆ. ಯುಎಸ್‌ಬಿಯ ಮಾತು ಹರಿಯುವುದು ಎರಡು ತಾಮ್ರದ ಗೆರೆಗಳ ಮೇಲೆ. ಅವೆರಡೂ ಸೆರಗಿಗೆ ಶಲ್ಯ ಗಂಟು ಹಾಕಿದ ಮದುಮಕ್ಕಳಂತೆ ಜೊತೆಜೊತೆಗೇ ನಡೆಯಬೇಕು, ಒಂದು ಮುಂದಾಗಬಾರದು, ಒಂದು ಹಿಂದಾಗಬಾರದು. ಕಂಪ್ಯೂಟರ್ ಕೊಡುವ ಚೂರು ಕರೆಂಟಿನಲ್ಲಿ ಎರಡೂ ಚಿಪ್ಪುಗಳ ಬಳಗ ಬದುಕುವುದಿಲ್ಲ, ಬೇರೆ ಅಡಾಪ್ಟರ್ ಬೇಕು. ಒಂದರ ಹಿಂದೆ ಒಂದರಂತೆ ಐದು ಹಬ್ಬಿಗಿಂತ ಹೆಚ್ಚು ಕಟ್ಟುವಂತಿಲ್ಲ ಎಂದೂ ನಿಯಮವಿದೆ. ಈ ನಿಯಮ ನಮ್ಮ ಸರ್ಕಾರಿ ಕಚೇರಿಗಳಿಗೆ ಇದ್ದಿದ್ದರೆ ನನ್ನ ಜಾತಿ ಪ್ರಮಾಣಪತ್ರ ಕಾಲೇಜು ಮುಗಿಯುವ ಮೊದಲೇ ಕೈಗೆ ಬರುತ್ತಿತ್ತು.

ಕಾಲೇಜು ಎಂದೆ. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ಇದನ್ನು ನಾಚಿಕೆಯಿಲ್ಲದೆ ಹೇಳಿಕೊಳ್ಳುತ್ತೇನೆ, ಲಿಫ್ಟಿನಲ್ಲಿ ಸಿಕ್ಕವರಿಗೂ. ಅಪ್ಪ ಬೀದರ್ ಕಡೆಯಿಂದ ಬಂದು ಇಲ್ಲಿಯ ಒಂದು ಸರ್ಕಾರಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ರೊಟ್ಟಿ ಬಡಿದವರು. ಶಾಂತಕ್ಕ ನನಗಿಂತ ದೊಡ್ಡವಳು. ಹತ್ತನೇ ಇಯತ್ತೆ ಪಾಸಾದ ಬೇಸಿಗೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತವಳು ಇನ್ನೂ ಎದ್ದಿಲ್ಲ. ಸೀರೆಗೆ ಫಾಲ್, ಪಿಕೋ, ಬ್ಲೌಸು. ಆ ಯಂತ್ರ ನಡೆದದ್ದರಿಂದ ನನ್ನ ಕಾಲೇಜು ನಡೆಯಿತು. ಪದವಿಯ ಪತ್ರವನ್ನು ಕಟ್ಟು ಹಾಕಿಸಿ ಟೀವಿಯ ಮೇಲೇ ತೂಗುಹಾಕಿದ್ದೇನೆ. ಅಂಥ ಪತ್ರದ ಕೆಳಗೆ ಕೂತವನಿಗೆ ನಾಲ್ಕು ಮತ್ತು ನಾಲ್ಕು ಕೂಡಿಸಲು ಬರುವುದಿಲ್ಲ ಎಂದರೆ ಹೇಗಾಗಬೇಡ?

ಆದದ್ದು ಇಷ್ಟು. ನಮ್ಮ ಮಾಲೀಕರು ಬಸವಂತರಾಯರು, ಕಲಬುರಗಿಯವರು. ವರ್ಷದ ಹೊಸ ಸರಕು ದಸರೆಯ ಆಯುಧಪೂಜೆಯಲ್ಲಿ ಕುಂಕುಮ ಹಚ್ಚಿಸಿಕೊಳ್ಳಲೇಬೇಕು ಎಂಬುದು ಅವರ ಪದ್ಧತಿ. ಈ ಸಲ ಪೂಜೆಯ ಹೊತ್ತಿಗೆ ನನ್ನ ಬೋರ್ಡು ಇನ್ನೂ ಸಿದ್ಧವಾಗಿರಲಿಲ್ಲ. ಬೋರ್ಡಿಲ್ಲದಿದ್ದರೇನು, ಅದರ ತಗಡಿನ ಡಬ್ಬಿಯನ್ನಾದರೂ ಕೂರಿಸೋಣ ಎಂದು, ನನ್ನನ್ನು ಒಂದು ಮಾತೂ ಕೇಳದೆ, ಮೊದಲ ಸರಕಿಗೆ ಬೇಕಾದ ಅಷ್ಟೂ ಡಬ್ಬಿ ಕತ್ತರಿಸಿ ತರಿಸಿದರು. ಎಷ್ಟು ತೂತು ಎಂಬ ಪ್ರಶ್ನೆ ಬಂದಾಗ ಅಲ್ಲಿದ್ದವನು ಸರಕು ಮಾರುವ ನರ್ಸಿಂಗ್. ಅವನು ಬೆರಳು ಮಡಚಿ ಎಂಟು ಎಂದ. ಡಬ್ಬಿಗೆ ಎಂಟು ತೂತು ಬಿತ್ತು, ಹೂವು ಬಿತ್ತು, ಕುಂಕುಮ ಬಿತ್ತು, ಎದುರಿಗೆ ಕುಂಬಳಕಾಯಿಯೂ ಒಡೆಯಿತು.

ಬೋರ್ಡು ತಯಾರಾಗಿ ಬಂದ ದಿನ ನಾನು ಹೇಳಿದೆ, "ಸಾಹೇಬ್ರ, ಏಳೇ ಬರತಾವ್ರಿ."

"ಇನ್ನೊಂದು ಎಲ್ಲಿ ಹೋತ್ರಿ ಮಲ್ಲಣ್ಣ?"

ಆಫೀಸಿನ ಎರಡು ಎಕ್ಸ್‌ಟೆನ್ಷನ್ ಬೋರ್ಡು ತಂದು, ಒಂದಕ್ಕೊಂದು ಚುಚ್ಚಿ, ಅವರ ಮೇಜಿನ ಮೇಲೆ ಎಣಿಸಿ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು. "ಇದು ಕರೆಂಟಿಂದು. ಅದು ಕಂಪ್ಯೂಟರಿಂದು. ಇದಕ್ಕೂ ಅದಕ್ಕೂ ಏನ್ ಸಂಬಂಧ?"

ಇಂಜಿನಿಯರಿಗೆ ನಾಲ್ಕೂ ನಾಲ್ಕೂ ಏಳಂತೆ ಎಂದು ಮೂಲೆಯಲ್ಲಿದ್ದ ನರ್ಸಿಂಗ್ ತನ್ನ ಹಿಂದಿಯಲ್ಲಿ ನಕ್ಕ. "ಕ್ಯಾ ಭಾಯ್, ಇಂಜಿನಿಯರ್ ಹೋಕೇ ಚಾರ್ ಔರ್ ಚಾರ್ ಸಾತ್ ಬೋಲ್ತೇ?"

ಮೂರನೆಯ ಚಿಪ್ ಹಾಕಲು ಆ ಡಬ್ಬಿಯಲ್ಲಿ ಜಾಗವಿಲ್ಲ. ಬೇರೆ ಡಬ್ಬಿ ಮಾಡಿಸಿ ಎಂದರೆ ಪೂಜೆಯಾದದ್ದನ್ನು ಗುಜರಿಗೆ ಹಾಕುವುದು ಅಪಶಕುನ ಎಂದರು ರಾಯರು. ಆಗ ನರ್ಸಿಂಗನೇ ಉಪಾಯ ಹೇಳಿದ. ಎಂಟನೆಯ ತೂತಿಗೂ ಒಂದು ಸಾಕೆಟ್ ಕೂರಿಸುವುದು, ಒಳಗೆ ಏನನ್ನೂ ಜೋಡಿಸದಿರುವುದು. "ಆಠ್ವೇ ಮೇ ಕೌನ್ ಲಗಾತಾ? ಟೆನ್ಷನ್ ನಕ್ಕೋ."

ಎಂಟನೆಯದಕ್ಕೆ ಯಾರು ಚುಚ್ಚುತ್ತಾರೆಯೇ? ತೂಕದ ಕೋಣೆಯಲ್ಲಿ ಕೆಲಸ ಮಾಡುವ ಯಾವಳೋ ಹುಡುಗಿ ಚುಚ್ಚುತ್ತಾಳೆ. ತಕ್ಕಡಿ ತೂಕ ತೋರಿಸುತ್ತದೆ, ಕಂಪ್ಯೂಟರಿಗೆ ಅದು ಮುಟ್ಟುವುದಿಲ್ಲ. ಬೈಗುಳ ಮಾತ್ರ ಅವಳಿಗೆ ಸರಿಯಾಗಿ ಮುಟ್ಟುತ್ತದೆ, "ನಿನಗೆ ಚುಚ್ಚಲೂ ಬರುವುದಿಲ್ಲವೇ" ಎಂದು. ಓದಿದವರು ಮಾಡಿದ ಡಬ್ಬಿ, ತಪ್ಪು ಅದರದ್ದಿರಲು ಸಾಧ್ಯವೇ? ಇದು ನನಗೆ ಚೆನ್ನಾಗಿ ಗೊತ್ತು. ಅಪ್ಪ ಕ್ಯಾಂಟೀನಿನಲ್ಲಿ ಕೆಟ್ಟ ಒಲೆಗೆಲ್ಲ ಬೈಸಿಕೊಂಡವರು. ಮೇಲಾಗಿ ಬೋರ್ಡಿನ ಮೂಲೆಯಲ್ಲಿ ಬಿಳಿ ಅಕ್ಷರದಲ್ಲಿ ನನ್ನ ಹೆಸರಿದೆ.

"ಹಂಗ ಮಾಡೋದಾದ್ರ ನನ್ನ ಹೆಸರು ಅಳಿಸಿಬಿಡ್ರಿ," ಎಂದೆ. "ನಾಳೆಯಿಂದ ನಾನೂ ಬರಂಗಿಲ್ಲ."

ಬಸವಂತರಾಯರು ಕನ್ನಡಕ ತೆಗೆದರು. "ಸಿಟ್ಟು ಭಾಳ ಐತ್ರೀ ನಿಮಗ. ಬರ್ತೀರೋ ಇಲ್ಲೋ, ಮುಂಜಾನಿ ಹೇಳ್ರಿ."

ಸಂಜೆ ಮೆಟ್ರೋ ಇಳಿದು ಮನೆಗೆ ಹೋಗದೆ ನೇರ ಶಾಂತಕ್ಕನ ಹೊಲಿಗೆ ಅಂಗಡಿಗೆ ಹೋದೆ. ಅಲ್ಲಿ ನನ್ನ ಅಷ್ಟೂ ಸಿಟ್ಟನ್ನು ಸುರಿದೆ. ಅವಳು ಯಂತ್ರ ನಿಲ್ಲಿಸಲಿಲ್ಲ.

"ನಾಲ್ಕಕ್ಕ ನಾಲ್ಕು ಕೂಡಿಸಿದ್ರ ಏಳು ಅನ್ನಾಕ ಇಷ್ಟು ವರ್ಷ ಓದಿದಿ ಏನೋ ಮಲ್ಲು?"

"ಅಕ್ಕಾ, ನೀನೂ ಸುರು ಮಾಡಬ್ಯಾಡ!" ಎಂದು ಅವಳ ಕೈಯಲ್ಲಿದ್ದ ತೋಳಿನ ತುಂಡನ್ನೇ ಎತ್ತಿ ಹಿಡಿದೆ. ಎರಡು ತುಂಡು ಕೂಡಿಸಿ ಹೊಲಿದರೆ ಒಂದಿಷ್ಟು ಬಟ್ಟೆ ಹೊಲಿಗೆಯ ಒಳಗೆ ಹೋಗುವುದಿಲ್ಲವೇ, ಹಾಗೆಯೇ ಮೊದಲನೆಯ ಚಿಪ್ ತನ್ನದೊಂದು ಬಾಯಿಯನ್ನು ಎರಡನೆಯದಕ್ಕೆ ಬಿಟ್ಟುಕೊಡಬೇಕು, ಎರಡನೆಯದರ ನಾಲ್ಕೂ ಅದರ ಮೇಲೇ ನಿಂತಿವೆ ಎಂದು ಬಿಡಿಸಿ ಹೇಳಿದೆ.

"ಇದನ್ನ ನಿಮ್ಮ ಸಾಹೇಬ್ರಿಗೆ ಹೇಳಾಕ ಬರಲಿಲ್ಲೇನು? ಒಳಗ ಹೋದ ಬಟ್ಟಿ ಕಳೀತು ಅಂತ ಯಾರೂ ಅಳಂಗಿಲ್ಲಪಾ. ಅದು ಅಲ್ಲೇ ಇರತೈತಿ, ಕಾಣಂಗಿಲ್ಲ ಅಷ್ಟ." ಹಲ್ಲಿನಿಂದ ದಾರ ಕಡಿದಳು. "ಕಾಣಲಿಲ್ಲಂದ್ರ ಮಂದಿ ಇಲ್ಲ ಅಂತಾರ. ಅದು ಮಂದಿ ಚಟ. ಚಹಾ ಕುಡಿತೀ?"

ಚಹಾ ಕುಡಿಯುತ್ತ ಹೊಳೆಯಿತು. ಕಾಣುವುದಿಲ್ಲ ಎಂಬುದೇ ತೊಂದರೆಯಾದರೆ ಕಾಣಿಸಿದರಾಯಿತು.

ಮುಂಜಾನೆ ಹೋಗಿ ಹೇಳಿದೆ, ಡಬ್ಬಿ ಇರಲಿ, ಪೂಜೆಯೂ ಇರಲಿ, ಎಂಟನೆಯ ತೂತಿಗೆ ಸುಳ್ಳು ಸಾಕೆಟ್ ಬೇಡ, ಒಂದು ಹಸಿರು ದೀಪ ಕೂರಿಸೋಣ. ಎರಡೂ ಚಿಪ್ಪುಗಳ ನಡುವಿನ ಕೊಂಡಿ ಬದುಕಿರುವ ತನಕ ಅದು ಉರಿಯಲಿ. ಅದು ಆರಿದರೆ ಏಳರಲ್ಲಿ ನಾಲ್ಕು ಸತ್ತವು ಎಂದು ಕೋಣೆಯಲ್ಲಿರುವವರಿಗೆ ತಿಳಿಯುತ್ತದೆ, ತಪ್ಪು ಅವರದ್ದಲ್ಲ ಎಂದೂ ತಿಳಿಯುತ್ತದೆ.

ಬಸವಂತರಾಯರ ಮುಖ ಅರಳಿತು. "ಪೂಜಿ ಆದ ಡಬ್ಬಿಗೆ ದೀಪ! ಭಾಳ ಚಲೋ ಆತ್ ನೋಡ್ರಿ!"

ನನ್ನ ಸಿಟ್ಟು ಮತ್ತೆ ನೆತ್ತಿಗೇರಿತು. ಸತ್ಯಕ್ಕೆ ಒಪ್ಪದವರು ಶಕುನಕ್ಕೆ ಒಪ್ಪಿದರು! ನರ್ಸಿಂಗನಂತೂ ಆ ಸಂಜೆಯಿಂದಲೇ "ಏಳು ಪೋರ್ಟು, ಮೇಲೊಂದು ಇಂಡಿಕೇಟರು" ಎಂದು, ಅದು ತನ್ನ ತಲೆಯಲ್ಲೇ ಹುಟ್ಟಿದಂತೆ ಫೋನಿನಲ್ಲಿ ಮಾರತೊಡಗಿದ. ಸಿಟ್ಟನ್ನು ನುಂಗಿಕೊಂಡೆ. ಹೆಸರು ಉಳಿದಿತ್ತು, ಕೆಲಸ ಉಳಿದಿತ್ತು.

ಮೊದಲ ಸರಕು ಹೊರಡುವ ದಿನ ಮನೆಯವರನ್ನೂ ಕರೆತನ್ನಿ ಎಂದರು. ಶಾಂತಕ್ಕ ಅಂಗಡಿ ಮುಚ್ಚಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಳು. ಗಾಡಿಗೆ ಏರಿಸುವ ಮುನ್ನ ಒಂದು ಡಬ್ಬಿಯನ್ನು ಮೇಜಿನ ಮೇಲಿಟ್ಟು ಹಚ್ಚಿ ತೋರಿಸಿದೆವು. ಏಳು ಕಪ್ಪು ಬಾಯಿ, ಪಕ್ಕದಲ್ಲಿ ಒಂದು ಹಸಿರು ಚುಕ್ಕೆ.

"ಇದೇನೋ, ನೀ ಹೇಳಿದ್ದು? ಒಳಗಿಂದು?" ಎಂದು ಅಕ್ಕ ಬಗ್ಗಿ ನೋಡಿದಳು.

ಬಸವಂತರಾಯರು ಪೇಡೆಯ ತಟ್ಟೆ ಹಿಡಿದು ಬಂದು ಹೆಮ್ಮೆಯಿಂದ ಹೇಳಿದರು, "ತಂಗೀ, ನಿಮ್ಮ ಮನೀಗೆ ಇವರೇ ಮೊದಲನೇ ಇಂಜಿನಿಯರ್ ಅಂತಲ್ರೀ?"

ಅಕ್ಕ ದೀಪದಿಂದ ಕಣ್ಣು ಕೀಳದೆ ಅಂದಳು, "ಇಂಜಿನಿಯರ್ ಮೊದಲ್ನೇದವನ ಹೌದ್ರಿ. ಚಿಪ್ ಎರಡನೇದು."

ಯಾವ ಮಾತಿಗೂ ತಿರುಗೇಟು ಕೊಡುವ ನಾನು ತಟ್ಟೆಯಿಂದ ಪೇಡೆಯೊಂದನ್ನು ತೆಗೆದು ಮೊದಲು ಅಕ್ಕನ ಕೈಗಿಟ್ಟೆ. ಲೆಕ್ಕದಲ್ಲಿ ತಪ್ಪಿರಲಿಲ್ಲ, ಮೊದಲನೆಯ ಚಿಪ್ ಇಸ್ತ್ರಿ ಮಾಡಿದ ಸೀರೆ ಉಟ್ಟು ಎದುರಿಗೇ ನಿಂತಿತ್ತು.