ಬಿಸಿ ಆರದ ಪೊಟ್ಟಣ

ನಾನು ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಗಟ್ಟಿಗಿತ್ತಿ ಎಂದು ಅಟ್ಟಕ್ಕೇರಿಸುವುದು ಬೇಡ. ಪರದೇಶಕ್ಕೆ ಹೋದ ಮೊದಲ ವರ್ಷ ಯಾರಾದರೂ ಕರೆಗಂಟೆ ಒತ್ತಿದರೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದೆ. ಸರ್ಕಾರದ ಲಕೋಟೆ ಬಂದರೆ ಒಡೆಯದೆ ದೇವರ ಪಟದ ಮುಂದಿಟ್ಟು, ಸಂಜೆಯವರೆಗೂ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. "ಒಳಗಿರೋದು ಕಾಗದ ಕಣೇ, ಹಾವಲ್ಲ," ಎಂದು ಇವರು ನಗುತ್ತಿದ್ದರು.

ಇವರು ಎಂದರೆ ನನ್ನ ಗಂಡ. ಒಂದು ದೊಡ್ಡ ಉಗ್ರಾಣದಲ್ಲಿ ಸಾಮಾನು ಎತ್ತುವ ಗಾಡಿ ಓಡಿಸುತ್ತಿದ್ದರು. ಮೂರನೆಯ ವರ್ಷ ಮೇಲಿನ ಹಲಗೆಯಿಂದ ಪೆಟ್ಟಿಗೆಗಳು ಜಾರಿ ಬೆನ್ನ ಮೇಲೆ ಬಿದ್ದವು. ಬಲಗಾಲು ಸ್ವಾಧೀನ ತಪ್ಪಿತು. ಕೆಲಸ ಹೋಯಿತು, ಕೆಲಸದ ಜೊತೆಗೆ ಆ ದೇಶದಲ್ಲಿ ಇರುವ ಪರವಾನಗಿಯೂ ಹೋಗುವುದರಲ್ಲಿತ್ತು. ಬೆನ್ನಿಗೆ ಆಪರೇಶನ್ ಮಾಡಿದರೆ ನಡೆಯಬಹುದು ಎಂದು ಆಸ್ಪತ್ರೆಯವರು ಐದು ತಿಂಗಳು ಬಿಟ್ಟು ಒಂದು ದಿನ ಕೊಟ್ಟಿದ್ದರು. ಆ ದಿನದವರೆಗೆ ಅಲ್ಲಿ ಉಳಿಯಬೇಕಾದರೆ ಮನೆಯಲ್ಲಿ ಒಬ್ಬರಿಗಾದರೂ ಕಾಯಂ ಕೆಲಸ ಇರಬೇಕು. ಆ ಒಬ್ಬರು ಇನ್ಯಾರು, ಕರೆಗಂಟೆಗೆ ಹೆದರುವ ನಾನೇ!

ಕೆಲಸ ಕೊಡಿಸಿದ್ದು ಚಿಕ್ಕಮ್ಮ. ರಕ್ತಸಂಬಂಧವೇನಲ್ಲ, ಕನ್ನಡ ಮಾತನಾಡುವ ಹೆಂಗಸು, ಅಲ್ಲಿಗೆ ಬಂದು ಹದಿನೇಳು ವರ್ಷವಾಗಿತ್ತು, ಹಾಗಾಗಿ ಚಿಕ್ಕಮ್ಮ. ಇವರ ಆಪರೇಶನ್ ಆಗಬೇಕಿದ್ದ ಆಸ್ಪತ್ರೆಯ ನೆಲಮಾಳಿಗೆಯಲ್ಲೇ ಅವರಿಗೆ ಕೆಲಸ. ಆಪರೇಶನ್ ಮಾಡಿದ ಕತ್ತರಿ, ಚಿಮುಟ, ಚಾಕುಗಳು ಅಲ್ಲಿಗೆ ಬರುತ್ತವೆ. ಒಂದು ಕೋಣೆಯಲ್ಲಿ ತೊಳೆಯುವುದು, ಎರಡನೆಯದರಲ್ಲಿ ಎಣಿಸಿ ನೀಲಿ ಬಟ್ಟೆಯಲ್ಲಿ ಪೊಟ್ಟಣ ಕಟ್ಟುವುದು, ಮೂರನೆಯದರಲ್ಲಿ ಹಬೆಯ ಯಂತ್ರಕ್ಕೆ ತಳ್ಳಿ ಬೇಯಿಸುವುದು. ಆ ಯಂತ್ರಕ್ಕೆ ದೊಡ್ಡ ಹೆಸರಿದೆ, ನಾವಿಬ್ಬರೂ ಹಂಡೆ ಎನ್ನುತ್ತಿದ್ದೆವು.

ಹಂಡೆಯ ಕೋಣೆಗೆ ಒಂದೇ ಒಂದು ಕಟ್ಟುಪಾಡು. ಬಾಗಿಲು ತೆಗೆದು ಗಾಡಿ ಹೊರಗೆಳೆದ ಮೇಲೆ ಒಂದು ಗಂಟೆ ಪೊಟ್ಟಣಗಳನ್ನು ಮುಟ್ಟುವಂತಿಲ್ಲ. ಬಿಸಿ ಆರುವ ತನಕ ಬಟ್ಟೆ ಹಬೆಯ ಪಸೆ ಬಿಡುತ್ತಿರುತ್ತದೆ. ಆಗ ಕೈ ತಗಲಿದರೆ ಕೈಯ ಕೊಳೆಯನ್ನು ಬಟ್ಟೆ ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಪೊಟ್ಟಣ ಕೆಟ್ಟಂತೆ, ಮತ್ತೆ ಮೊದಲಿನಿಂದ ತೊಳೆಯಬೇಕು. ನಮ್ಮ ಮೇಲ್ವಿಚಾರಕಿ ಇದನ್ನು ಮೊದಲ ದಿನವೇ ಮೂರು ಸಲ ಹೇಳಿದ್ದರು. ಮಾತೆಲ್ಲ ಕಡ್ಡಿ ಮುರಿದಂತೆ, ಅದಕ್ಕೇ ನಮ್ಮೊಳಗೆ ಅವರು ಕಡ್ಡಿ ಮೇಡಂ. ಮೂರು ತಿಂಗಳು ನೋಡಿ, ಆಮೇಲೆ ಅವರು ಸಹಿ ಹಾಕಿದರೆ ನಾನು ಕಾಯಂ.

ಮೂರು ತಿಂಗಳು ತುಂಬುವ ದಿನ ನನ್ನೊಬ್ಬಳನ್ನೇ ಹಂಡೆಗೆ ಹಾಕಿದರು. ಸಂಜೆ ನಾಲ್ಕಕ್ಕೆ ಸಹಿ. ನಮ್ಮ ಪರವಾನಗಿ ಮುಗಿಯಲು ಒಂಬತ್ತೇ ದಿನ ಉಳಿದಿತ್ತು. ಬೆಳಿಗ್ಗೆ ದೇವರ ಮುಂದೆ ನಿಂತಾಗ, "ಇವತ್ತೊಂದು ದಿನ ದಡ ಸೇರಿಸಪ್ಪಾ," ಎಂದಷ್ಟೇ ಕೇಳಿದ್ದೆ.

ನನ್ನ ತಾಯಿ ಬಟ್ಟೆ ಹೊಲಿಯುತ್ತಿದ್ದವಳು. ದಿನದ ಮೊದಲ ಹೊಲಿಗೆಗೆ ಮುಂಚೆ ಮಷೀನಿನ ಚಕ್ರ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಅದು ನನಗೂ ಹತ್ತಿಬಂದಿತ್ತು. ಹೊಸ ಪುಸ್ತಕ, ಹೊಸ ಪೊರಕೆ, ಬಸ್ಸಿನ ಮೆಟ್ಟಿಲು, ಯಾವುದನ್ನೂ ಬಿಟ್ಟವಳಲ್ಲ. ಅವತ್ತು ಹಂಡೆಯ ಬಾಗಿಲು ತೆಗೆದೆ, ಗಾಡಿ ಎಳೆದೆ. ನಾನೊಬ್ಬಳೇ ಬೇಯಿಸಿದ ಮೊದಲ ಒಬ್ಬೆ, ಸಾಲಾಗಿ ನೀಲಿ ಪೊಟ್ಟಣಗಳು. ಎದೆ ತುಂಬಿ ಬಂತು. ದಪ್ಪ ಕೈಗವಸು ಕಳಚಿ ಹಣೆಯ ಬೆವರು ಒರೆಸಿಕೊಂಡೆ. ಅದೇ ಕೈ ತಾನಾಗಿ ಹೋಗಿ ಮೇಲಿನ ಪೊಟ್ಟಣ ಮುಟ್ಟಿ ಕಣ್ಣಿಗೆ ಬಂತು.

ಕಣ್ಣು ಬಿಟ್ಟಾಗ ನೀಲಿ ಬಟ್ಟೆಯ ಮೇಲೆ ನಾಲ್ಕು ಬೆರಳಿನ ಒದ್ದೆ ಗುರುತು ಇತ್ತು. ನೋಡುತ್ತಿದ್ದಂತೆಯೇ ಅದು ಒಣಗಿ ಮಾಯವಾಯಿತು.

ಪೊಟ್ಟಣದ ಚೀಟಿ ನೋಡಿದೆ. ಹೊಟ್ಟೆಯ ಆಪರೇಶನ್ನಿನ ಸೆಟ್, ಹನ್ನೊಂದೂವರೆಗೆ ಮೇಲೆ ಹೋಗಬೇಕು. ಅದನ್ನು ಪಕ್ಕಕ್ಕೆ ಎತ್ತಿಟ್ಟು ಕಡ್ಡಿ ಮೇಡಂಗೆ ಹೇಳಿದ್ದರೆ ಎರಡು ನಿಮಿಷದ ಕೆಲಸ. ಸಹಿಯ ದಿನವೇ ಕೈ ಹಾಕಿದೆ ಎಂದು ಹೇಳುವುದು ಹೇಗೆ? ಗಾಡಿಯ ಮುಂದೆ ಒಂದು ಗಂಟೆ ಸುಮ್ಮನೆ ನಿಂತಿದ್ದೆ. ಕೊನೆಗೆ, ಮೇಲೆ ಕಳಿಸಲು ಚಿಕ್ಕಮ್ಮ ಬಂದಾಗ ಪಿಸುಗುಟ್ಟಿದೆ.

"ನಿನಗೇನು ತಲೆ ಕೆಟ್ಟಿದೆಯಾ?" ಚಿಕ್ಕಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಅಷ್ಟು ಬಿಸೀಲಿ ಯಾವ ಕ್ರಿಮಿ ಬದುಕುತ್ತೆ? ನಾನೆಷ್ಟು ಸಲ ಮುಟ್ಟಿಲ್ಲ! ಬಾಯಿ ಮುಚ್ಕೊಂಡು ಸಹಿ ಹಾಕಿಸ್ಕೋ. ಮನೇಲಿ ಮಲಗಿರೋ ಗಂಡನ್ನ ನೆನೆಸ್ಕೋ ಮೊದಲು."

ನೆನೆಸಿಕೊಂಡೆ. ಪೊಟ್ಟಣ ಲಿಫ್ಟಿನಲ್ಲಿ ಮೇಲೆ ಹೋಯಿತು. ಹೌದು, ನಾನೇ ಬಿಟ್ಟೆ.

ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ, ರೂಢಿಯಂತೆ ಮನಸ್ಸಿನಲ್ಲೇ ದೇವರನ್ನು ಕರೆದೆ. ಇವರನ್ನು ಕಾಪಾಡು ಎಂದು ಶುರುಮಾಡಿದರೆ ಮಾತು ಮುಂದಕ್ಕೆ ಹೋಗಲಿಲ್ಲ. ಮೇಲೆ ಮೇಜಿನ ಮೇಲೆ ಮಲಗಿರುವುದು ಯಾರ ಗಂಡನೋ, ಯಾರ ತಾಯಿಯೋ. ನನ್ನ ಬೆವರು ಅವರ ಹೊಟ್ಟೆಯೊಳಗೆ. ಆ ದೇಶದಲ್ಲಿ ನನಗೆ ಇದ್ದದ್ದೇ ದೇವರ ಆ ಒಂದು ಬಾಗಿಲು, ಅದೂ ಮುಚ್ಚಿಕೊಂಡರೆ ನಾನು ಎಲ್ಲಿಗೆ ಹೋಗಲಿ? ಪೊಲೀಸರಿಗೆ, ವಾಪಸ್ ಕಳಿಸುವ ವಿಮಾನಕ್ಕೆ, ಕಡ್ಡಿ ಮೇಡಂಗೆ ಹೆದರಿದ್ದೆಲ್ಲ ಏನೂ ಅಲ್ಲ ಅನ್ನಿಸುವಂಥ ಹೆದರಿಕೆ ಹಿಡಿಯಿತು.

ಗೋಡೆಯ ಫೋನ್ ಎತ್ತಿ ಆಪರೇಶನ್ ಕೋಣೆಯ ನಂಬರ್ ಒತ್ತಿದೆ. ಆ ಕಡೆ ನರ್ಸ್ ಮಾತನಾಡಿದಳು. ಕಷ್ಟಪಟ್ಟು ಕಲಿತ ಆ ಊರಿನ ಭಾಷೆ ಒಂದಕ್ಷರವೂ ಬಾಯಿಗೆ ಬರಲಿಲ್ಲ. "ಬೇಡ, ಬೇಡ! ತೆಗೀಬೇಡಿ!" ಎಂದು ಅಚ್ಚ ಕನ್ನಡದಲ್ಲಿ ಕೂಗಿದೆ. ಅವಳು ಏನೆಂದುಕೊಂಡಳೋ, ಫೋನ್ ಇಟ್ಟುಬಿಟ್ಟಳು.

ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲು ಹತ್ತಿ ಓಡಿದೆ. ನಾಲ್ಕು ಮಹಡಿ. ಮೇಲೆ ನೆಲಕ್ಕೆ ಕೆಂಪು ಗೆರೆ ಎಳೆದಿದ್ದಾರೆ, ನಮ್ಮ ಬಟ್ಟೆಯಲ್ಲಿ ಅದನ್ನು ದಾಟುವಂತಿಲ್ಲ. ಗೆರೆಯ ಈಚೆ ನಿಂತು ಬಾಗಿಲ ಕಡೆ ಕಿರುಚಿದೆ. ಹಸಿರು ಟೋಪಿಯ ನರ್ಸ್ ಹೊರಗೆ ಬಂದಳು. ಈಗ ಮಾತು ಬಂತು, ಪೊಟ್ಟಣದ ನಂಬರ್ ಮಾತ್ರ. ಮೂರು ಸಲ ಹೇಳಿ, ನನ್ನ ಕೈ ತೋರಿಸಿ, ತಲೆ ಆಡಿಸಿದೆ. ಅವಳು ಒಳಗೆ ಓಡಿದಳು. ಪೊಟ್ಟಣದ ಗಂಟು ಇನ್ನೂ ಬಿಚ್ಚಿರಲಿಲ್ಲ.

ನಾಲ್ಕಕ್ಕೆ ಕಡ್ಡಿ ಮೇಡಂ ಕೋಣೆಗೆ ಹೋದೆ. ಅಷ್ಟರಲ್ಲಿ ಆ ಊರಿನ ಭಾಷೆ ನಾಲಿಗೆಗೆ ಮರಳಿತ್ತು. ಮೇಜಿನ ಮೇಲೆ ನನ್ನ ಕಾಗದ ಇತ್ತು, ಪೆನ್ನಿನ ಮುಚ್ಚಳ ತೆಗೆದಿರಲಿಲ್ಲ.

"ಯಾರಾದ್ರೂ ನೋಡಿದ್ರಾ?"

"ಇಲ್ಲ ಮೇಡಂ."

"ಮತ್ತೆ ಯಾಕೆ ಹೇಳಿದೆ?"

"ಹೆದರಿಕೆ ಆಯ್ತು."

"ನನಗಾ?"

"ನಿಮಗೂ ಹೆದರ್ತೀನಿ. ಆದ್ರೆ ನಾಳೆ ಬೆಳಿಗ್ಗೆ ದೇವರ ಮುಂದೆ ನಿಂತು ನನ್ನ ಗಂಡನ್ನ ಉಳಿಸು ಅಂತ ಯಾವ ಬಾಯಲ್ಲಿ ಕೇಳಲಿ?"

ಅವರು ದೇವರನ್ನು ನಂಬುವವರೋ ಇಲ್ಲವೋ ನನಗೆ ಗೊತ್ತಿಲ್ಲ. ಮೊದಲು ತಪ್ಪಿನ ವರದಿ ಬರೆದು ನನ್ನ ಸಹಿ ತೆಗೆದುಕೊಂಡರು. ಆ ರೋಗಿಯ ಆಪರೇಶನ್ ಎರಡು ಗಂಟೆ ತಡವಾಯಿತು ಎಂದೂ ಅದರಲ್ಲಿತ್ತು. ಆಮೇಲೆ ನನ್ನ ಕಾಯಂ ಕೆಲಸದ ಕಾಗದ ಎಳೆದು ತಾವು ಸಹಿ ಹಾಕಿದರು.

"ಇಪ್ಪತ್ತೆರಡು ವರ್ಷದಿಂದ ಈ ಕುರ್ಚಿಲಿದೀನಿ," ಎಂದರು. "ಕಳಿಸಿದ ಪೊಟ್ಟಣ ವಾಪಸ್ ಕೇಳಿದೋರು ಒಬ್ಬರೂ ಇಲ್ಲ. ಅಂದ್ರೆ ಒಬ್ಬರೂ ತಪ್ಪು ಮಾಡಿಲ್ಲ ಅಂತೀಯಾ?"

ಬದುಕಿದೆಯಾ ಬಡಜೀವವೇ ಎಂದು ಮನೆಗೆ ಬಂದು ಇವರಿಗೆ ಎಲ್ಲ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ಇವರ ಮುಖ ಕಪ್ಪಿಟ್ಟಿತು.

"ನನ್ನ ಕಾಲು ಪಣಕ್ಕಿಟ್ಟೆಯಲ್ಲೇ. ಒಂದು ಮಾತು ನನ್ನ ಕೇಳ್ಬೇಕು ಅನ್ನಿಸ್ಲಿಲ್ವಾ?"

"ಕೇಳೋಕೆ ಟೈಮೆಲ್ಲಿತ್ತು ರೀ?"

ಗೋಡೆಯ ಕಡೆ ತಿರುಗಿ ಮಲಗಿದರು. ಊಟಕ್ಕೆ ಎಬ್ಬಿಸಿದರೂ ಏಳಲಿಲ್ಲ. ನನಗೂ ರೇಗಿತು, ತಟ್ಟೆ ಕುಕ್ಕಿ ಎದ್ದೆ. ಸುಮಾರು ಹೊತ್ತಿನ ಮೇಲೆ, ತಿರುಗದೆಯೇ ಕೇಳಿದರು.

"ನನ್ನ ಆಪರೇಶನ್ ದಿನ ಆ ಹಂಡೆ ಹತ್ರ ಯಾರಿರ್ತಾರೆ?"

ಅಲ್ಲಿಯವರೆಗೂ ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಇವರು ಈ ಕಡೆ ತಿರುಗಿದರು. "ನೀನೇ ಇರೇ," ಎಂದರು. ಅಷ್ಟು ವರ್ಷದಲ್ಲಿ ಇವರ ಕಣ್ಣಲ್ಲಿ ಹೆದರಿಕೆ ಕಂಡದ್ದು ಅದೇ ಮೊದಲು.

ಮರುದಿನವೇ ಕಡ್ಡಿ ಮೇಡಂ ಅವರನ್ನು ಕೇಳಿಕೊಂಡೆ, ಆಗುವುದಿಲ್ಲ ಎಂದರು. ಮನೆಯವರ ಆಪರೇಶನ್ ಇರುವ ದಿನ ಆ ಮನೆಯವರು ಕೆಲಸಕ್ಕೆ ಬರುವಂತಿಲ್ಲ, ಅದು ಅಲ್ಲಿಯ ನಿಯಮ. ಇವರ ಆಪರೇಶನ್ನಿನ ತಿಂಗಳ ಪಾಳಿಯ ಪಟ್ಟಿ ಗೋಡೆಗೆ ಅಂಟಿಸಿದಾಗ ಮೊದಲು ಹಂಡೆಯ ಸಾಲು ನೋಡಿದೆ. ಇವರ ದಿನದ ಎದುರಿಗೆ ಚಿಕ್ಕಮ್ಮನ ಹೆಸರಿತ್ತು.

ಚಿಕ್ಕಮ್ಮ ಕೆಟ್ಟವರಲ್ಲ. ನನಗೆ ಅನ್ನದ ದಾರಿ ತೋರಿಸಿದವರು. ಹಾಗಿರುವಾಗ ಅವರ ಮೇಲೆ ಮೇಡಂಗೆ ಚಾಡಿ ಹೇಳಲೇ? ನಾಲಿಗೆ ಏಳಲಿಲ್ಲ. ಅವರ ಹತ್ತಿರವೇ ಹೋಗಿ, "ಚಿಕ್ಕಮ್ಮಾ, ಅವತ್ತು ಮೇಲೆ ಮಲಗಿರೋದು ನಮ್ಮೋರು," ಎಂದೆ. ಅವರು ಪೊಟ್ಟಣ ಕಟ್ಟುತ್ತಿದ್ದರು. ಗಂಟು ಬಿಗಿದು ಮುಂದಿನದಕ್ಕೆ ಕೈ ಹಾಕಿದರು.

ಇವರು ಈಗ ಕೋಲೂರಿಕೊಂಡು ಅಂಗಡಿಗೆ ಹೋಗಿ ಬರುತ್ತಾರೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅವತ್ತು ಬೆಳಿಗ್ಗೆ ಅದು ಯಾರಿಗೆ ಗೊತ್ತಿತ್ತು? ಇವರನ್ನು ಒಳಗೆ ತಳ್ಳಿಕೊಂಡು ಹೋದರು. ನಾನು ಕೆಂಪು ಗೆರೆಯ ಈಚೆಗಿನ ಬೆಂಚಿನ ಮೇಲೆ ಕೈ ಮುಗಿದು ಕೂತೆ. ಹುಟ್ಟಿದಾಗಿನಿಂದ ನನ್ನ ಹೆದರಿಕೆ ತೆಗೆಯಪ್ಪಾ ಎಂದು ಬೇಡಿದವಳು ನಾನು. ಅವತ್ತು ಬೇರೆ ಬೇಡಿದೆ: "ದೇವರೇ, ಕೆಳಗೆ ಹಂಡೆಯ ಬಾಗಿಲು ತೆಗೆಯುತ್ತಿರುವ ಚಿಕ್ಕಮ್ಮನಿಗೆ ಸ್ವಲ್ಪ ಹೆದರಿಕೆ ಕೊಡು. ನನ್ನ ಹತ್ತಿರ ಬೇಕಾದಷ್ಟಿದೆ, ಅದರಲ್ಲೇ ತೆಗೆದು ಕೊಡು."