ಅಧ್ಯಕ್ಷರ ಗೋಡೆ

ಪೀಣ್ಯದ ಆಚೆಗಿನ ಸಣ್ಣ ನಗರಸಭೆಯೊಂದರ ಅಧ್ಯಕ್ಷರಿಗೆ ಬೋಲ್ಟ್ ಮಾಡುವ ಕಾರ್ಖಾನೆಯೂ ಇತ್ತು. ನಾನು ಅಲ್ಲಿಗೆ ಲೇತ್ ರಿಪೇರಿಗೆ ಹೋಗಿದ್ದ ದಿನ ಜೋರು ಮಳೆ ಬಂದು ಮೋರಿ ನೀರು ಒಳಗೇ ನುಗ್ಗಿತು. ಅಧ್ಯಕ್ಷರು ಪಂಚೆ ಎತ್ತಿಕಟ್ಟಿ ನಗರಸಭೆ ಇಂಜಿನಿಯರಿಗೆ ಫೋನ್ ಮಾಡಿ ಕೂಗಾಡಿದರು.

"ನನ್ ಮಿಷನ್ನೆಲ್ಲಾ ಮುಳುಗ್ತಿದೆ ಕಣ್ರೀ! ಮೋರಿ ಮುಚ್ಚಿ ಗೋಡೆ ಕಟ್ಟಿರೋ ಕಳ್ಳ ಯಾವನ್ರೀ?"

ಸ್ಪೀಕರ್ ಫೋನಿನಲ್ಲಿ ಇಂಜಿನಿಯರ್ ಮೆಲ್ಲಗೆ ಹೇಳಿದ, "ಅದು ನಿಮ್ ಗೋಡೌನ್ ಗೋಡೇನೇ ಸಾರ್."

ನನಗೆ ನಗು ತಡೆಯಲಾಗಲಿಲ್ಲ. ಅಧ್ಯಕ್ಷರು ನನ್ನನ್ನು ದುರುಗುಟ್ಟಿ ನೋಡಿ, ಸ್ವಲ್ಪ ಯೋಚಿಸಿ, "ಜೆಸಿಬಿ ಕಳಿಸಿ. ಪೇಪರಿನವರನ್ನೂ ಕರೀರಿ," ಅಂದರು.

ತನ್ನ ಗೋಡೆಯನ್ನೇ ಒಡೆಸಿದ ಧೀರ ಅನ್ನಿಸಿಕೊಂಡು ಮುಂದಿನ ಚುನಾವಣೆಯನ್ನೂ ಗೆದ್ದರು. ಪೇಪರಿನ ಫೋಟೊದಲ್ಲಿ ಅವರ ಪಕ್ಕ ನಿಂತಿದ್ದವನು ನಾನೊಬ್ಬನೇ. ಕೆಳಗೆ "ಹರ್ಷಗೊಂಡ ನಾಗರಿಕರು" ಅಂತ ಹಾಕಿದ್ದರು.